ಡಾರ್ಕೆಸ್ಟ್ ಡಂಜನ್‌ನ ಡಿಎಲ್‌ಸಿಗಳನ್ನು ಯಾವ ಕ್ರಮದಲ್ಲಿ ಆಡಬೇಕು?

ಪ್ರಶ್ನೆ: ವೀರರ ತಂಡಗಳನ್ನು ಅಪಾಯದ ತಾಣಗಳಿಗೆ ಕಳಿಸಿ ಆಡುವ ಡಾರ್ಕೆಸ್ಟ್ ಡಂಜನ್ ಎಂಬ ವಿಡಿಯೋ ಆಟವನ್ನು ನಾನು ಕೆಲವು ತಿಂಗಳಿಂದ ಆಡುತ್ತಿದ್ದೇನೆ. 35ನೇ ವಾರದ ಹೊತ್ತಿಗೆ ರಿಯಾಯಿತಿ ಬಂತೆಂದು ಮೂರು ಡಿಎಲ್‌ಸಿಗಳನ್ನೂ (ಆಟಕ್ಕೆ ಬೇರೆಯಾಗಿ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳನ್ನು) ಕೊಂಡು ಒಟ್ಟಿಗೇ ಸೇರಿಸಿದೆ. ಕ್ರಿಮ್ಸನ್ ಕೋರ್ಟ್ ಡಿಎಲ್‌ಸಿಯ ತಾಣವಾದ ಕೋರ್ಟ್‌ಯಾರ್ಡ್‌ನ ಮೊದಲ ದಂಡಯಾತ್ರೆ ಮುಗಿಸಿ ಬಂದ ಮೇಲೆ ಎಲ್ಲಿ ಹೋದರೂ ರಕ್ತ ಹೀರುವ ಹುಳುಗಳೇ. ನನ್ನ 16 ವೀರರಲ್ಲಿ 9 ಮಂದಿಗೆ ಕ್ರಿಮ್ಸನ್ ಕರ್ಸ್ ಎಂಬ ರಕ್ತದ ಶಾಪ ಅಂಟಿದೆ, ಅದಕ್ಕೂ ಮೊದಲು ಇಬ್ಬರು ರಕ್ತ ಸಿಗದೆ ಸತ್ತರು, ಕಲರ್ ಆಫ್ ಮ್ಯಾಡ್ನೆಸ್ ಡಿಎಲ್‌ಸಿಯ ಹೊಲವಾದ ಫಾರ್ಮ್‌ಸ್ಟೆಡ್‌ಗೆ ಕಳಿಸಿದ ಒಳ್ಳೆಯ ತಂಡವೂ ಮುರಿದುಬಿತ್ತು. ಇದನ್ನು ಬಿಟ್ಟು ಹೊಸದಾಗಿ ಆರಂಭಿಸಬೇಕೇ? ಈ ಡಿಎಲ್‌ಸಿಗಳನ್ನು ಆಡುವ ಸರಿಯಾದ ಕ್ರಮ ಯಾವುದು?

ಉತ್ತರ: ಹೊಸದಾಗಿ ಆರಂಭಿಸಬೇಡಿ. 16 ವೀರರು ಉಳಿದಿರುವ ಊರು ಸೋತ ಊರಲ್ಲ. ನೀವು ಆಡುವುದರಲ್ಲಿ ದೊಡ್ಡ ತಪ್ಪು ಮಾಡಿಲ್ಲ. ಮೂರು ಬೇರೆ ಬೇರೆ ಹಸಿವುಗಳನ್ನು ಒಂದೇ ವಾರದಲ್ಲಿ ಮನೆಗೆ ಕರೆದುಕೊಂಡಿರಿ, ಅಷ್ಟೆ. ಅವುಗಳಲ್ಲಿ ಯಾವುದು ಏನನ್ನು ತಿನ್ನುತ್ತದೆ ಎಂಬುದು ಸ್ಪಷ್ಟವಾದರೆ ಕ್ರಮ ತಾನಾಗಿಯೇ ಹೊಳೆಯುತ್ತದೆ. ಆದ್ದರಿಂದ ಮೊದಲು ಅದನ್ನು ವಿವರಿಸಿ, ನಿಮ್ಮ ಈಗಿನ ಆಟದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಆಟವು ಕನ್ನಡದಲ್ಲಿ ಇಲ್ಲದಿರುವುದರಿಂದ ಸ್ಥಳ ಮತ್ತು ಪಾತ್ರಗಳ ಹೆಸರುಗಳನ್ನು ಪರದೆಯ ಮೇಲೆ ಕಾಣುವಂತೆಯೇ ಇಟ್ಟಿದ್ದೇನೆ.

ಕೆನಡಾದ ವ್ಯಾಂಕೂವರ್‌ನ ರೆಡ್ ಹುಕ್ ಸ್ಟುಡಿಯೋಸ್ ಈ ಆಟವನ್ನು 2016ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿತು. ಅದರ ಮೇಲೆ 2017ರ ಜೂನ್‌ನಲ್ಲಿ ದ ಕ್ರಿಮ್ಸನ್ ಕೋರ್ಟ್, ಅದೇ ವರ್ಷದ ಅಕ್ಟೋಬರ್‌ನಲ್ಲಿ ದ ಶೀಲ್ಡ್‌ಬ್ರೇಕರ್, 2018ರ ಜೂನ್‌ನಲ್ಲಿ ದ ಕಲರ್ ಆಫ್ ಮ್ಯಾಡ್ನೆಸ್ ಬಂದವು. ಸಾಮಾನ್ಯವಾಗಿ ಡಿಎಲ್‌ಸಿ ಎಂದರೆ ಮುಖ್ಯ ಕಥೆ ಮುಗಿದ ಮೇಲೆ ಆಡುವ ಹೆಚ್ಚುವರಿ ಅಧ್ಯಾಯ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಹಾಗಲ್ಲ. ಈ ಮೂರೂ ಮುಖ್ಯ ಆಟದ ಒಳಗೇ, ಅದೇ ಊರು, ಅದೇ ವೀರರು, ಅದೇ ಹಣದೊಂದಿಗೆ ಹೆಣೆದುಕೊಳ್ಳುತ್ತವೆ. ಆದ್ದರಿಂದ ಹೊಸ ಪ್ರದೇಶವೊಂದು ನಕ್ಷೆಯಲ್ಲಿ ಕಾಣಿಸಿಕೊಂಡಾಗ ಅದು ಎಷ್ಟು ಕಠಿಣ ಎನ್ನುವುದಕ್ಕಿಂತ, ಅದು ನನ್ನ ಯಾವ ಸಂಪತ್ತಿಗೆ ಕೈಹಾಕುತ್ತದೆ ಎಂದು ಕೇಳಿಕೊಳ್ಳಬೇಕು.

ಈ ಆಟದಲ್ಲಿ ನಿಜವಾದ ಸಂಪತ್ತು ಚಿನ್ನವಲ್ಲ. ತರಬೇತಾದ ವೀರನೊಬ್ಬ ಕೆಲಸಕ್ಕೆ ಸಿಗುವ ವಾರಗಳು. ಒತ್ತಡ 100 ಮುಟ್ಟಿದಾಗ ವೀರನ ಮನಸ್ಸಿನ ಪರೀಕ್ಷೆ ನಡೆಯುತ್ತದೆ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಸಲ ಮಾತ್ರ ಅವನು ಧೈರ್ಯ ತಳೆದು ಎದ್ದು ನಿಲ್ಲುತ್ತಾನೆ, ಉಳಿದಂತೆ ಭಯ, ಸಂಶಯ, ಸ್ವಾರ್ಥಗಳಲ್ಲಿ ಯಾವುದಾದರೊಂದು ಅವನನ್ನು ಹಿಡಿಯುತ್ತದೆ. 200 ಮುಟ್ಟಿದರೆ ಹೃದಯಾಘಾತ. ಬದುಕಿ ಬಂದವನನ್ನು ಊರಿನ ಚರ್ಚ್‌ಗೋ ಪಾನಗೃಹಕ್ಕೋ ಕಳಿಸಿದರೆ ಆ ವಾರ ಅವನು ದಂಡಯಾತ್ರೆಗೆ ಸಿಗುವುದಿಲ್ಲ. ಇಷ್ಟರ ಮೇಲೆ, ಆಟಕ್ಕೆ ಹೆಸರು ಕೊಟ್ಟ ಕೊನೆಯ ತಾಣದಲ್ಲಿ ನಾಲ್ಕು ದಂಡಯಾತ್ರೆಗಳಿವೆ, ಅಲ್ಲಿಗೆ ಒಮ್ಮೆ ಹೋಗಿ ಬಂದವರು ಮತ್ತೆ ಕಾಲಿಡಲು ಹಿಂಜರಿಯುತ್ತಾರೆ. ಎಂದರೆ ಕಥೆ ಮುಗಿಸಲು ಮೇಲ್ಮಟ್ಟದ 16 ವೀರರು ಬೇಕಾಗಬಹುದೆಂದೇ ಲೆಕ್ಕ ಹಾಕಿಕೊಳ್ಳಬೇಕು. ಡಿಎಲ್‌ಸಿಯಲ್ಲಿ ಕಳೆದುಕೊಳ್ಳುವ ಪ್ರತಿಯೊಬ್ಬ ಒಳ್ಳೆಯ ವೀರನೂ ಈ ಲೆಕ್ಕದಿಂದಲೇ ಕಳೆಯುತ್ತಾನೆ.

ಈಗ ಕ್ರಿಮ್ಸನ್ ಕೋರ್ಟ್. ಮೂರರಲ್ಲಿ ಇದೇ ಅತ್ಯಂತ ದೊಡ್ಡದು, ಅತ್ಯಂತ ನಿರ್ದಯವಾದದ್ದು, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಸುಂದರವಾದದ್ದು ಕೂಡ. ಆಟದ ಉದ್ದಕ್ಕೂ ತನ್ನ ಪಾಪಗಳನ್ನು ನಿವೇದಿಸುವ ಪೂರ್ವಜನ ಯೌವನದ ಕಥೆ ಇಲ್ಲಿದೆ: ವಿಲಾಸದ ಔತಣಕೂಟಗಳು, ಅಲ್ಲಿಗೆ ಬಂದ ಕೌಂಟೆಸ್, ಅವಳ ಕೊಲೆ, ಅವಳ ರಕ್ತವನ್ನು ದ್ರಾಕ್ಷಾರಸದಲ್ಲಿ ಬೆರೆಸಿ ಅತಿಥಿಗಳಿಗೆ ಕುಡಿಸಿದ್ದು. ಆ ಅತಿಥಿಗಳೇ ಇಂದು ಕೋರ್ಟ್‌ಯಾರ್ಡ್‌ನಲ್ಲಿ ರೇಷ್ಮೆ ಉಟ್ಟ ಕೀಟಗಳಾಗಿ ತಿರುಗುತ್ತಿರುವುದು. ಕಥೆಗೂ ಆಟದ ನಿಯಮಕ್ಕೂ ಇಷ್ಟು ಬಿಗಿಯಾದ ನಂಟು ಬೇರೆ ಆಟಗಳಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ. ಪೂರ್ವಜ ಅತಿಥಿಗಳಿಗೆ ಹಂಚಿದ ಆ ರೋಗವನ್ನೇ ನೀವು ನಿಮ್ಮ ಊರಿಗೆ ಹೊತ್ತು ತರುತ್ತೀರಿ.

ನಿಯಮ ಹೀಗಿದೆ. ಕೋರ್ಟ್‌ಯಾರ್ಡ್‌ನ ಮೊದಲ ಚಿಕ್ಕ ದಂಡಯಾತ್ರೆಯೊಂದಿಗೆ ಹಾವಳಿ ಶುರುವಾಗುತ್ತದೆ. ಅಲ್ಲಿಂದ ಮುಂದೆ ವಾರಗಳು ಕಳೆದಂತೆ ರಕ್ತಹೀರುಕರು ರೂಯಿನ್ಸ್, ವೀಲ್ಡ್, ವಾರೆನ್ಸ್, ಕೋವ್ ಹೀಗೆ ಹಳೆಯ ಪ್ರದೇಶಗಳಲ್ಲೂ ಕಾಣಿಸಿಕೊಳ್ಳುತ್ತಾರೆ. ಅವರು ಕಚ್ಚಿದವರಿಗೆ ಕ್ರಿಮ್ಸನ್ ಕರ್ಸ್ ತಗುಲಬಹುದು. ಮೊದಲ ಹಂತದಲ್ಲಿ ಅದು ಸುಮ್ಮನಿರುತ್ತದೆ. ನಂತರ ಹಂಬಲದ ಹಂತ, ಅದರ ನಂತರ ಸೊರಗುವ ಹಂತ. ಸೊರಗುತ್ತಿರುವವನಿಗೆ ದ ಬ್ಲಡ್ ಎಂಬ ರಕ್ತದ ಸೀಸೆ ಸಿಗದೇ ಹೋದರೆ ಸಾವು, ನಿಮ್ಮ ಇಬ್ಬರಿಗೆ ಆದದ್ದು ಇದೇ. ಹಸಿದವನಿಗೆ ರಕ್ತ ಸಿಕ್ಕಾಗ ಕೆಲಕಾಲ ಉನ್ಮಾದ ಏರಿ ಬಲವೂ ವೇಗವೂ ಹೆಚ್ಚುವುದುಂಟು, ಆದರೆ ಅವನ ಪಕ್ಕದಲ್ಲಿ ನಿಂತವರ ನೆಮ್ಮದಿ ಕೆಡುತ್ತದೆ. ಈ ಶಾಪವನ್ನು ಮಾಮೂಲಿ ಕಾಯಿಲೆಯಂತೆ ಊರಿನ ಚಿಕಿತ್ಸಾಲಯದಲ್ಲಿ ಗುಣಪಡಿಸಿಕೊಳ್ಳಲು ಆಗುವುದಿಲ್ಲ. ಕೌಂಟೆಸ್ ಸತ್ತ ಮೇಲೆ ಮಾತ್ರ ಅಲ್ಲಿ ಅದಕ್ಕೆ ಚಿಕಿತ್ಸೆ ಸಿಗುತ್ತದೆ. ಅದಕ್ಕೂ ಮೊದಲು ಬಿಡುಗಡೆಯ ದಾರಿ ಕೋರ್ಟ್‌ಯಾರ್ಡ್‌ನ ಬಾಸ್‌ಗಳನ್ನು, ಎಂದರೆ ಅಲ್ಲಿನ ಮುಖ್ಯ ಶತ್ರುಗಳನ್ನು, ಕೊಲ್ಲುವುದು.

ಹೆಚ್ಚಿನವರು ಇಲ್ಲಿ ಮಾಡುವ ತಪ್ಪು, ಎಲ್ಲರನ್ನೂ ಶಾಪದಿಂದ ಕಾಪಾಡಲು ಹೊರಡುವುದು. ನನ್ನ ಮೊದಲ ಆಟದಲ್ಲಿ ನಾನೂ ಹಾಗೆಯೇ ಮಾಡಿದೆ. ಪ್ರತಿ ವಾರ ಶುದ್ಧವಾಗಿರುವ ನಾಲ್ವರನ್ನು ಹುಡುಕಿ ಕಳಿಸುತ್ತಿದ್ದೆ, ಅವರಲ್ಲಿ ಒಬ್ಬಿಬ್ಬರು ಶಾಪ ಹೊತ್ತು ಮರಳುತ್ತಿದ್ದರು, ಮುಂದಿನ ವಾರ ಮತ್ತೆ ಬೇರೆ ನಾಲ್ವರು. ಹತ್ತು ವಾರಗಳಲ್ಲಿ ಇಡೀ ಊರು ರಕ್ತ ಕೇಳುತ್ತಿತ್ತು. ಆಮೇಲೆ ತಿಳಿದ ಸರಳ ಸಂಗತಿ ಏನೆಂದರೆ, ಒಮ್ಮೆ ಶಾಪ ತಗುಲಿದವನಿಗೆ ಮತ್ತೆ ತಗುಲಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ರಕ್ತಹೀರುಕರೊಂದಿಗೆ ಹೋರಾಡಬೇಕಾದವರು ಶಾಪಗ್ರಸ್ತರೇ. ಆರು, ಹೆಚ್ಚೆಂದರೆ ಎಂಟು ವೀರರ ಒಂದು ಗುಂಪನ್ನು ಶಾಪಕ್ಕೆಂದೇ ಮೀಸಲಿಡಬೇಕು. ಕೋರ್ಟ್‌ಯಾರ್ಡ್‌ಗೆ ಅವರೇ, ಹಾವಳಿ ಹೆಚ್ಚಿರುವಾಗ ಉಳಿದೆಡೆಗೂ ಅವರೇ. ಉಳಿದವರನ್ನು ಹಾವಳಿ ತಗ್ಗಿದ ವಾರಗಳಲ್ಲಿ, ಚಿಕ್ಕ ದಂಡಯಾತ್ರೆಗಳಿಗೆ ಕಳಿಸಿ ಬೆಳೆಸಬೇಕು. ಅಂಥ ದಂಡಯಾತ್ರೆಯಲ್ಲಿ ರಕ್ತಹೀರುಕನೊಬ್ಬ ಎದುರಾದರೆ, ಅವನಿಗಿಂತ ಹೆಚ್ಚು ಅಪಾಯಕಾರಿ ಎಂದು ತೋರುವ ಶತ್ರು ಪಕ್ಕದಲ್ಲಿದ್ದರೂ ಮೊದಲ ಹೊಡೆತ ರಕ್ತಹೀರುಕನಿಗೇ ಬೀಳಬೇಕು.

ಹೀಗೆ ಮಾಡಿದಾಗ ರಕ್ತದ ಸೀಸೆಗಳು ಲೆಕ್ಕಕ್ಕೆ ಸಿಗುತ್ತವೆ. ಉಳಿದ ಆಹಾರ, ಪಂಜುಗಳಂತೆ ಅವು ದಂಡಯಾತ್ರೆಯ ಕೊನೆಗೆ ಕಳೆದುಹೋಗದೆ ಊರಿನ ಉಗ್ರಾಣದಲ್ಲಿ ಉಳಿಯುತ್ತವೆ. ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರೆಯೋ ಕನಿಷ್ಠ ಅಷ್ಟು ಸೀಸೆಗಳು ಯಾವಾಗಲೂ ಊರಿನಲ್ಲಿರಲಿ, ಅದಕ್ಕಿಂತ ಕಡಿಮೆಯಾದ ವಾರ ಬೇರೆ ಎಲ್ಲ ಯೋಜನೆ ಬದಿಗಿಟ್ಟು ರಕ್ತ ತರಲು ಹೊರಡಿ ಎಂಬುದು ನಾನು ಪಾಲಿಸುವ ನಿಯಮ. ಈ ಡಿಎಲ್‌ಸಿಯ ಜೊತೆ ಬರುವ ಡಿಸ್ಟ್ರಿಕ್ಟ್ ಕಟ್ಟಡಗಳಲ್ಲಿ ಸ್ಯಾಂಗ್ವಿನ್ ವಿಂಟ್ನರ್ಸ್ ಎಂಬುದೊಂದಿದೆ. ಅದು ರಕ್ತದ ಸೀಸೆಗಳನ್ನು ತಾನೇ ಒದಗಿಸುತ್ತದೆ. ಡಿಸ್ಟ್ರಿಕ್ಟ್ ಕಟ್ಟಲು ಬ್ಲೂಪ್ರಿಂಟ್ ಬೇಕು, ಜೊತೆಗೆ ಅಪಾರ ಪ್ರಮಾಣದ ವಂಶಪಾರಂಪರ್ಯದ ವಸ್ತುಗಳೂ (ಹೇರ್‌ಲೂಮ್) ಬೇಕು. ಬಡ್ಡಿ ಕೊಡುವ ಬ್ಯಾಂಕ್ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ನಿಮ್ಮ ಸ್ಥಿತಿಯಲ್ಲಿ ಮೊದಲ ಬ್ಲೂಪ್ರಿಂಟ್ ವಿಂಟ್ನರ್ಸ್‌ಗೇ ಹೋಗಬೇಕು, ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಶಾಪಗ್ರಸ್ತರ ಗುಂಪಿಗೆ ಒಂದು ತೊಡಕಿದೆ. ಶಾಪ ಹೊತ್ತವರು ತಂಡದಲ್ಲಿದ್ದರೆ ಫ್ಯಾನಟಿಕ್ ಎಂಬ ಅಲೆಮಾರಿ ಬಾಸ್ ಎದುರಾಗಬಹುದು. ಅಂಥವರ ಸಂಖ್ಯೆ ಹೆಚ್ಚಿದಷ್ಟೂ ಆ ಸಂಭವ ಹೆಚ್ಚು. ಅವನು ನಿಮ್ಮಲ್ಲೊಬ್ಬರನ್ನು ಹಿಡಿದು ಸುಡುವ ಚಿತೆಗೆ ಕಟ್ಟುತ್ತಾನೆ, ಉಳಿದ ಮೂವರು ಆ ಚಿತೆಯನ್ನು ಒಡೆದು ಕಟ್ಟಿಹಾಕಿಸಿಕೊಂಡವರನ್ನು ಬಿಡಿಸಬೇಕು. ಒಬ್ಬ ವೈದ್ಯೆಯ ಮೇಲೆ ಮಾತ್ರ ನಿಂತಿರುವ ತಂಡ ಇಲ್ಲಿ ಕುಸಿಯುತ್ತದೆ, ಏಕೆಂದರೆ ಕಟ್ಟಿಹಾಕಿಸಿಕೊಂಡವಳು ಅವಳೇ ಆಗಿರಬಹುದು. ವೈದ್ಯೆಯಾದ ವೆಸ್ಟಲ್ ಜೊತೆಗೆ ಗಾಯ ಗುಣಪಡಿಸಬಲ್ಲ ಒಬ್ಬ ಅಕಲ್ಟಿಸ್ಟ್ ಅಥವಾ ಕ್ರುಸೇಡರ್ ಇದ್ದರೆ, ಇನ್ನಿಬ್ಬರು ಬಲವಾಗಿ ಹೊಡೆಯುವವರಾದರೆ, ಈ ಯುದ್ಧ ಕೈಮೀರುವುದಿಲ್ಲ.

ಇದೇ ಡಿಎಲ್‌ಸಿ ಕೊಡುವ ಫ್ಲ್ಯಾಜಲೆಂಟ್ ಶಾಪಗ್ರಸ್ತರ ಗುಂಪಿಗೆ ಹೇಳಿ ಮಾಡಿಸಿದವನು. ತನ್ನನ್ನು ತಾನೇ ಚಾವಟಿಯಿಂದ ಹೊಡೆದುಕೊಳ್ಳುವ ಈ ವಿರಾಗಿ ದೇಹ ಸೋತಷ್ಟೂ ಉಗ್ರನಾಗುತ್ತಾನೆ. ಜೊತೆಗಾರನ ಒತ್ತಡವನ್ನು ತನ್ನ ಮೇಲೆ ಎಳೆದುಕೊಳ್ಳಬಲ್ಲ, ರಕ್ತಸ್ರಾವ, ವಿಷಗಳನ್ನೂ ಎಳೆದುಕೊಳ್ಳಬಲ್ಲ. ಒತ್ತಡ 100 ಮುಟ್ಟಿದಾಗ ಎಲ್ಲರಿಗೂ ಆಗುವ ಪರೀಕ್ಷೆ ಇವನಿಗಿಲ್ಲ. ಇವನಿಗೆ ಬರುವುದು ಯಾವಾಗಲೂ ಒಂದೇ ಬಗೆಯ ಪರವಶತೆ, ಅದರಲ್ಲಿ ಇವನ ಹೊಡೆತದ ಬಲ ಏರುತ್ತದೆ. ಇವನನ್ನು ಸದಾ ಪೂರ್ಣ ಆರೋಗ್ಯದಲ್ಲಿ ಇಡಲು ಔಷಧ ಸುರಿಯುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅರ್ಧ ಜೀವದಲ್ಲಿ ಇವನನ್ನು ಬಿಡುವ ಧೈರ್ಯ ಬೆಳೆಸಿಕೊಳ್ಳಿ.

ಮೊದಲ ದಂಡಯಾತ್ರೆಯ ನಂತರ ಕೋರ್ಟ್‌ಯಾರ್ಡ್‌ನ ದೊಡ್ಡ ಬಾಗಿಲು ಆಹ್ವಾನಪತ್ರವಿಲ್ಲದೆ ತೆರೆಯುವುದಿಲ್ಲ. ಹಾವಳಿ ಇರುವ ಹಳೆಯ ಪ್ರದೇಶಗಳಲ್ಲಿ ಗೇಟ್‌ಕೀಪರ್ ಎಂಬವನನ್ನು ಕಂಡಾಗ ಉಳಿದವರನ್ನು ಬಿಟ್ಟು ಅವನನ್ನೇ ಕೊಲ್ಲಿ, ಆಹ್ವಾನ ಅವನ ಬಳಿ ಇರುತ್ತದೆ. ಬ್ಯಾರನ್, ವೈಕೌಂಟ್, ಕೌಂಟೆಸ್ ಎಂಬ ಮೂವರು ಬಾಸ್‌ಗಳನ್ನು ಇದೇ ಕ್ರಮದಲ್ಲಿ ಎದುರಿಸಬೇಕು. ಅಲ್ಲಿನ ನಕ್ಷೆಗಳು ಬಹಳ ದೊಡ್ಡವು, ಆದರೆ ಪ್ರತಿ ಸಲ ಹೊಸದಾಗಿ ಹುಟ್ಟುವಂಥವಲ್ಲ, ಕೈಯಿಂದ ರಚಿಸಿ ಸ್ಥಿರವಾಗಿಟ್ಟವು. ಹಾಗಾಗಿ ನೋಟ್‌ಬುಕ್‌ನಲ್ಲಿ ದಾರಿ ಬರೆದಿಟ್ಟುಕೊಳ್ಳುವುದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬ್ಯಾರನ್ ಮೊಟ್ಟೆಚೀಲಗಳ ನಡುವೆ ಅಡಗುತ್ತಾನೆ; ಯಾವುದರಲ್ಲಿದ್ದಾನೆಂದು ತಿಳಿಯದೆ ಒಡೆಯುತ್ತಾ ಹೋಗಬೇಕಾದ್ದರಿಂದ, ಹಿಂದಿನ ಸಾಲುಗಳನ್ನೂ ಮುಟ್ಟಬಲ್ಲ ವೀರರು ಕನಿಷ್ಠ ಇಬ್ಬರಿರಲಿ. ವೈಕೌಂಟ್ ತನ್ನ ಮುಂದೆ ಇಟ್ಟುಕೊಂಡ ಮಾಂಸವನ್ನು ತಿಂದು ಚೇತರಿಸಿಕೊಳ್ಳುತ್ತಾನೆ, ಆದ್ದರಿಂದ ಅವನಿಗಿಂತ ಮೊದಲು ಅವನ ಊಟವನ್ನು ನಾಶಮಾಡುವುದು ಒಳ್ಳೆಯದು. ಕೌಂಟೆಸ್ ಯುದ್ಧದ ನಡುವೆ ರೂಪ ಬದಲಿಸುತ್ತಾಳೆ, ಅವಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಮೊದಲ ಅನುಭವವನ್ನು ಕಿತ್ತುಕೊಂಡಂತಾಗುತ್ತದೆ.

ಕಲರ್ ಆಫ್ ಮ್ಯಾಡ್ನೆಸ್ ತೀರ ಬೇರೆ ಬಗೆಯದು. ಧೂಮಕೇತುವೊಂದು ಬಿದ್ದು ಹಾಳಾದ ಹೊಲ, ಸ್ಫಟಿಕದ ಸಿಪ್ಪೆಯಾಗಿ ಉಳಿದ ಕೂಲಿಗಳು, ಕಾಲವೇ ನಿಂತುಹೋದ ಮಿಲ್ಲರ್‌ನ ಗಿರಣಿ. ಇಲ್ಲಿ ಓಣಿ, ಕೋಣೆಗಳ ಹುಡುಕಾಟವಿಲ್ಲ. ಶತ್ರುಗಳು ಅಲೆಯ ಮೇಲೆ ಅಲೆಯಾಗಿ ಬರುತ್ತಾರೆ, ನೀವು ನಿಂತಲ್ಲೇ ನಿಂತು ಎದುರಿಸುತ್ತೀರಿ. ಕೋರ್ಟ್‌ಯಾರ್ಡ್ ಊರಿಗೆ ರೋಗ ತಂದರೆ ಫಾರ್ಮ್‌ಸ್ಟೆಡ್ ಊರಿಗೆ ಬಹುಮಟ್ಟಿಗೆ ಏನೂ ಮಾಡುವುದಿಲ್ಲ. ದ ಥಿಂಗ್ ಫ್ರಮ್ ದ ಸ್ಟಾರ್ಸ್ ಎಂಬ ಪ್ರಾಣಿಯೊಂದು ಆಗೊಮ್ಮೆ ಈಗೊಮ್ಮೆ ಬೇರೆ ಪ್ರದೇಶಗಳಲ್ಲಿ ಎದುರಾಗುವುದನ್ನು ಬಿಟ್ಟರೆ, ನೀವು ಹೋಗುವವರೆಗೆ ಅದು ಕಾಯುತ್ತದೆ. ಇದು ಕ್ರಮ ನಿರ್ಧರಿಸುವಾಗ ಬಹಳ ಮುಖ್ಯವಾದ ಭೇದ.

ಅಲ್ಲಿ ನಿಮ್ಮ ತಂಡ ಮುರಿದುಬಿದ್ದ ಕಾರಣವನ್ನು ಊಹಿಸಬಲ್ಲೆ. ಮಾಮೂಲಿ ದಂಡಯಾತ್ರೆಗಾಗಿ ಕಟ್ಟಿದ ತಂಡ ಎರಡು ಮೂರು ಸುತ್ತುಗಳಲ್ಲಿ ಯುದ್ಧ ಮುಗಿಸಿ, ಮುಂದಿನ ಕೋಣೆಗೆ ನಡೆಯುವ ನಡುವೆ ಉಸಿರು ತೆಗೆದುಕೊಳ್ಳುತ್ತದೆ. ಫಾರ್ಮ್‌ಸ್ಟೆಡ್‌ನಲ್ಲಿ ಆ ಬಿಡುವು ಬಹಳ ಕಡಿಮೆ. ಗಾಯ ಮತ್ತು ಒತ್ತಡ ಎರಡನ್ನೂ ಯುದ್ಧದೊಳಗೇ ಇಳಿಸಬಲ್ಲವರು ಬೇಕು: ಗಾಯಕ್ಕೆ ವೆಸ್ಟಲ್ ಒಬ್ಬಳು, ಒತ್ತಡಕ್ಕೆ ಜೆಸ್ಟರ್ ಅಥವಾ ಹೌಂಡ್‌ಮಾಸ್ಟರ್ ಒಬ್ಬ, ಮುಂದೆ ನಿಂತು ಹೊಡೆತ ತಾಳುವ ಮ್ಯಾನ್-ಅಟ್-ಆರ್ಮ್ಸ್‌ನಂಥವನೊಬ್ಬ, ನಾಲ್ಕನೆಯವನು ಹೊಡೆಯುವವನು. ನೋಡಲು ಇದು ನಿಧಾನದ ತಂಡ. ಆದರೆ ಇಲ್ಲಿ ವೇಗಕ್ಕಿಂತ ಸವೆಯದೆ ಉಳಿಯುವುದು ದೊಡ್ಡದು. ಇಲ್ಲಿನ ಬಾಸ್ ಆದ ಮಿಲ್ಲರ್ ಸತ್ತ ನಂತರ ಬರುವ ಕೊನೆಯಿಲ್ಲದ ಕೊಯ್ಲಿನಲ್ಲಿ ನೀವು ಎಲ್ಲಿಯವರೆಗೆ ತಾಳುವಿರೋ ಅಲ್ಲಿಯವರೆಗೆ ಆಡಬಹುದು. ಹಿಂದಿರುಗುವಾಗ ಯಾರಾದರೂ ಕಾಲದ ಸುಳಿಯಲ್ಲಿ ಸಿಕ್ಕಿ ಕೆಲವು ವಾರ ಕಾಣೆಯಾಗಬಹುದು ಎಂಬುದನ್ನು ನೆನಪಿಡಿ. ಕೊನೆಯ ತಾಣಕ್ಕೆ ಹೊರಡುವ ಮುನ್ನಾದಿನಗಳಲ್ಲಿ ಅಲ್ಲಿಗೆ ಒಳ್ಳೆಯವರನ್ನು ಕಳಿಸಬೇಡಿ. ಪ್ರತಿಫಲವಾಗಿ ಸಿಗುವ ಧೂಮಕೇತುವಿನ ಚೂರುಗಳನ್ನು ಕೊಟ್ಟು ಊರಿನಲ್ಲಿ ವಿಶೇಷ ಆಭರಣಗಳನ್ನು ಕೊಳ್ಳಬಹುದು, ಅವುಗಳಲ್ಲಿ ಕೆಲವು ಕೊನೆಯವರೆಗೂ ಜೊತೆಗಿಟ್ಟುಕೊಳ್ಳುವಂಥವು.

ಶೀಲ್ಡ್‌ಬ್ರೇಕರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ಒಬ್ಬ ವೀರವನಿತೆಯನ್ನು ಸೇರಿಸುವ ಚಿಕ್ಕ ಡಿಎಲ್‌ಸಿ. ಕವಚ ಭೇದಿಸುವ, ಶತ್ರುಗಳ ಕಾವಲು ಮುರಿಯುವ, ವಿಷವಿಕ್ಕುವ ಇವಳು ಎಲ್ಲ ಪ್ರದೇಶಗಳಲ್ಲೂ ಉಪಯುಕ್ತಳು. ಇವಳನ್ನು ಕರೆದುಕೊಂಡು ಹೋಗಿ ಕ್ಯಾಂಪ್ ಹಾಕಿದಾಗ ರಾತ್ರಿ ದುಃಸ್ವಪ್ನ ಬೀಳಬಹುದು, ಆಗ ಸರ್ಪಗಳೊಂದಿಗೆ ಯುದ್ಧ ನಡೆಯುತ್ತದೆ. ಅವುಗಳನ್ನು ಒಂದೊಂದಾಗಿ ಗೆದ್ದಂತೆ ಇವಳ ಹಿಂದಿನ ಬದುಕು ತೆರೆದುಕೊಳ್ಳುತ್ತದೆ, ಆ ಕಥೆ ಚಿಕ್ಕದಾದರೂ ಮನಸ್ಸನ್ನು ತಟ್ಟುವಂಥದ್ದು. ಇವಳಿರುವ ದಂಡಯಾತ್ರೆಗೆ ವಿಷ ಇಳಿಸುವ ಆಂಟಿವೆನಮ್ ಒಂದೆರಡು ಹೆಚ್ಚು ಕೊಂಡೊಯ್ಯಿರಿ, ಅಥವಾ ಪ್ಲೇಗ್ ಡಾಕ್ಟರ್ ಜೊತೆಗಿರಲಿ, ಸಾಕು. ಇದು ಊರಿನಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. 2020ರ ಮೇ ತಿಂಗಳಿನಲ್ಲಿ ಉಚಿತವಾಗಿ ಬಂದ ದ ಬುಚರ್ಸ್ ಸರ್ಕಸ್ ಇನ್ನೊಬ್ಬ ಆಟಗಾರರೊಂದಿಗೆ ಸೆಣಸುವ ಪ್ರತ್ಯೇಕ ಅಖಾಡ. ನಿಮ್ಮ ಊರಿಗೂ ಅದಕ್ಕೂ ಸಂಬಂಧವಿಲ್ಲವಾದ್ದರಿಂದ ಈ ಲೆಕ್ಕದಿಂದ ಅದನ್ನು ಬಿಟ್ಟಿದ್ದೇನೆ.

ಆದ್ದರಿಂದ ಮುಂದೆ ಎಂದಾದರೂ ಹೊಸ ಆಟ ಹೂಡಿದಾಗ ಶೀಲ್ಡ್‌ಬ್ರೇಕರ್ ಮೊದಲ ವಾರದಿಂದಲೇ ಇರಲಿ. ಕಲರ್ ಆಫ್ ಮ್ಯಾಡ್ನೆಸ್ ಕೂಡ ಇರಬಹುದು, ಆದರೆ ಮೂರನೇ ಮಟ್ಟದ ಎಂಟು ಹತ್ತು ವೀರರು ಆಗುವವರೆಗೆ ಆ ಹೊಲದ ಕಡೆ ಹೋಗಬೇಡಿ. ಕ್ರಿಮ್ಸನ್ ಕೋರ್ಟ್ ಅನ್ನು ಸೇರಿಸಿದ್ದರೂ ಅದರ ಮೊದಲ ದಂಡಯಾತ್ರೆಯನ್ನು ಬೇಕೆಂದೇ ತಡಮಾಡಿ: ಚರ್ಚ್, ಪಾನಗೃಹಗಳು ಅರ್ಧದಷ್ಟಾದರೂ ಬೆಳೆದು, ಕಮ್ಮಾರನ ಅಂಗಡಿಯೂ ತರಬೇತಿ ಶಾಲೆಯೂ ಸುಧಾರಿಸಿ, ಹದಿನೈದು ಇಪ್ಪತ್ತು ವೀರರು ಊರಿನಲ್ಲಿ ತುಂಬಿದ ಮೇಲೆ ಅಲ್ಲಿಗೆ ಹೆಜ್ಜೆ ಇಡಿ. ಆ ಹೆಜ್ಜೆ ಇಟ್ಟ ಮೇಲೆ ಮಾತ್ರ ಹಿಂಜರಿಯಬೇಡಿ, ಬ್ಯಾರನ್‌ನನ್ನು ಕೊಲ್ಲುವವರೆಗೆ ಅದೇ ನಿಮ್ಮ ಮುಖ್ಯ ಕೆಲಸವಾಗಿರಲಿ. ಮೊದಲ ಸಲ ಮೂರೂ ಡಿಎಲ್‌ಸಿಗಳೊಂದಿಗೆ ಆಡುವವರು ರೇಡಿಯಂಟ್ ಮೋಡ್ ಆರಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ವೀರರು ಬೇಗ ಬೆಳೆಯುತ್ತಾರೆ, ಮೇಲ್ಮಟ್ಟದವರು ಕೆಳಮಟ್ಟದ ದಂಡಯಾತ್ರೆಗೂ ಬರಲು ಒಪ್ಪುತ್ತಾರೆ. ಶತ್ರುಗಳ ಸ್ವಭಾವವಾಗಲಿ ಸಾವಿನ ಶಾಶ್ವತತೆಯಾಗಲಿ ಬದಲಾಗುವುದಿಲ್ಲ. ವಾರಗಳಿಗೂ ಸಾವುಗಳಿಗೂ ಮಿತಿ ಹಾಕುವ ಅತಿ ಕಠಿಣ ಮೋಡ್ ಅನ್ನು ಮೂರನ್ನೂ ಒಮ್ಮೆ ಕಂಡವರಿಗೆ ಬಿಡಿ.

ಇನ್ನು ನಿಮ್ಮ ಈಗಿನ ಆಟ. ಡಿಎಲ್‌ಸಿ ಸೇರಿಸಿದ್ದನ್ನು ಬದಲಾಗದ ನಿರ್ಧಾರವೆಂದೇ ಭಾವಿಸಿ ಮುಂದುವರಿಯಿರಿ. 9 ಶಾಪಗ್ರಸ್ತರಲ್ಲಿ ಮಟ್ಟ, ಆಯುಧ, ಕವಚ ನೋಡಿ ಉತ್ತಮರಾದ ಆರು ಮಂದಿಯನ್ನು ಆರಿಸಿ. ಉಳಿದ ಮೂವರು ಕೆಳಮಟ್ಟದವರಾಗಿದ್ದರೆ ಅವರನ್ನು ಊರಿನಿಂದ ಕಳಿಸಿಬಿಡಿ. ರಕ್ತ ಸಾಲದ ಊರಿನಲ್ಲಿ ಅವರನ್ನು ಉಳಿಸಿಕೊಳ್ಳುವುದೆಂದರೆ ಆರು ಮಂದಿಯ ಪಾಲನ್ನು ಒಂಬತ್ತಾಗಿ ಹಂಚುವುದು. ಶುದ್ಧವಾಗಿರುವ 7 ಮಂದಿಗೆ ಈಗ ಸದ್ಯ ವಿಶ್ರಾಂತಿ, ಚಿಕಿತ್ಸೆ, ಆಯುಧ ಸುಧಾರಣೆ. ಫಾರ್ಮ್‌ಸ್ಟೆಡ್ ಇರುವಲ್ಲೇ ಇರಲಿ. ಮುಂದಿನ ವಾರ ಆರರಲ್ಲಿ ನಾಲ್ವರನ್ನು, ಹಂಬಲದ ಹಂತದಲ್ಲಿರುವವರನ್ನು ಮೊದಲು ಲೆಕ್ಕಕ್ಕೆ ಹಿಡಿದು, ನಿಮಗೆ ಚೆನ್ನಾಗಿ ಗೊತ್ತಿರುವ ಪ್ರದೇಶದ ಮಧ್ಯಮ ಉದ್ದದ ದಂಡಯಾತ್ರೆಗೆ ಕಳಿಸಿ. ಉಗ್ರಾಣದಲ್ಲಿರುವ ರಕ್ತದ ಸೀಸೆಗಳಲ್ಲಿ ಎರಡನ್ನು ಅವರ ಜೊತೆ ಕೊಟ್ಟು, ಉಳಿದವನ್ನು ಊರಿನಲ್ಲಿರುವ ಇನ್ನಿಬ್ಬರಿಗಾಗಿ ಇಟ್ಟುಕೊಳ್ಳಿ. ಗೇಟ್‌ಕೀಪರ್ ಸಿಕ್ಕಿ ಆಹ್ವಾನಪತ್ರ ಕೈಗೆ ಬಂದ ವಾರ, ಆ ಆರು ಮಂದಿಯ ಒತ್ತಡವೆಲ್ಲ ಇಳಿದಿದೆಯೇ ಎಂದು ನೋಡಿಕೊಂಡು, ಬ್ಯಾರನ್‌ನ ಬಾಗಿಲಿಗೆ ಹೊರಡಿ.